ನೋಟ್‌ಬುಕ್ಕಿನಲ್ಲಿ ಇಲ್ಲದ ಸಾಲು

ಇದು ಹಲಸೂರಿಗೆ ಮೆಟ್ರೋ ಬರುವ ಮುಂಚಿನ ಮಾತು. ನಮ್ಮ ಯಜಮಾನರಿಗೆ ಹೃದಯಾಘಾತವಾದಾಗಿನಿಂದ ಅವರ ಬಿಪಿಯನ್ನು ದಿನಕ್ಕೆರಡು ಸಲ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಬಿ.ಎಸ್ಸಿ. ಓದಿದವಳು ನಾನು, ಒಂದು ದಿನವೂ ತಪ್ಪಿಸಿರಲಿಲ್ಲ. ಹಾಗಾಗಿ ಒಮ್ಮೆ ತಪಾಸಣೆಗೆ ಹೋದ ಆಸ್ಪತ್ರೆಯಲ್ಲಿ ಟೆಕ್ನಿಷಿಯನ್ ಹುಡುಗಿ ಅವರ ಕೈಗೆ ಬಿಪಿ ಪಟ್ಟಿ ಬಿಗಿದು, ಗಾಳಿ ಬಿಡದೆ ಸುಮ್ಮನೆ ಕೂತಾಗ ನನಗೆ ತಡೆಯಲಾಗಲಿಲ್ಲ.

“ಏನಮ್ಮಾ, ಕೈ ನೀಲಿಯಾಗ್ತಿದೆ. ಬಿಪಿ ಹೀಗಾ ನೋಡೋದು?”

“ಬಿಪಿ ಅಲ್ಲ ಆಂಟಿ. ಐದು ನಿಮಿಷ ತಡೆದು ಬಿಟ್ರೆ ರಕ್ತ ಜೋರಾಗಿ ನುಗ್ಗತ್ತೆ. ಅದು ಉಜ್ಜಿಕೊಂಡು ಹೋಗೋವಾಗ ರಕ್ತನಾಳದ ಒಳಪದರ ಚೆನ್ನಾಗಿದ್ರೆ ನಾಳ ಹಿಗ್ಗತ್ತೆ. ಕೆಟ್ಟಿದ್ರೆ ಹಾಗೇ ಇರತ್ತೆ.”

ಪಟ್ಟಿ ಬಿಚ್ಚಿದಳು. ಸ್ಕ್ಯಾನಿಂಗ್ ಯಂತ್ರದ ಪರದೆಯ ಮೇಲೆ ಅವರ ನಾಳ ಕೊಂಚ ಹಿಗ್ಗಿತು. ನನಗೆ ಹೋದ ಉಸಿರು ಬಂತು.

“ಹೋಲಿಸೋಕೆ ಆರೋಗ್ಯವಾಗಿರೋರು ಒಬ್ರು ಬೇಕಿತ್ತು. ನೀವು ಮಲಗ್ತೀರಾ ಆಂಟಿ?”

ಹೆಮ್ಮೆಯಿಂದಲೇ ಮಲಗಿದೆ. ಐದು ನಿಮಿಷ ಕಳೆದು ಪಟ್ಟಿ ಬಿಚ್ಚಿದರೂ ನನ್ನ ನಾಳ ಮಿಸುಕಲಿಲ್ಲ.

“ಡಾಕ್ಟರ್‌ಗೆ ತೋರಿಸ್ಬೇಕು ಆಂಟಿ. ನಿಮ್ ಬಿಪಿ ಎಷ್ಟಿರತ್ತೆ?”

ಅಭ್ಯಾಸಬಲದಿಂದ ನೋಟ್‌ಬುಕ್ ತೆರೆದೆ. ಅಷ್ಟು ಪುಟಗಳಲ್ಲಿ ನನ್ನದು ಒಂದು ಸಾಲೂ ಇರಲಿಲ್ಲ.

“ನನ್ ತಟ್ಟೆ ಉಪ್ಪನ್ನೆಲ್ಲ ಕಿತ್ಕೊಂಡು ನಿನ್ ಉಪ್ಪಿನಕಾಯಿಗೆ ಹಾಕ್ಕೊಂಡ್ಯಲ್ಲೇ,” ಎಂದು ಯಜಮಾನರು ನಕ್ಕರು. ಆದರೆ ಮರುಕ್ಷಣವೇ ನನ್ನಿಂದ ಪೆನ್ನು ಇಸಿದುಕೊಂಡು, ಹೊಸ ಪುಟ ತೆರೆದು ಮೇಲೆ ನನ್ನ ಹೆಸರು ಬರೆದರು.

ಅಂದಿನಿಂದ ನನ್ನ ಬಿಪಿಯನ್ನು ಅವರೇ ಬರೆಯುತ್ತಾರೆ. ತಾರೀಖು ಹಾಕುವುದನ್ನು ಮಾತ್ರ ಮರೆಯುತ್ತಾರೆ; ಅವರು ವಾಕಿಂಗಿಗೆ ಹೋದಾಗ ಅದನ್ನು ನಾನು ತುಂಬಿಸಿಡುತ್ತೇನೆ.