ಎಲ್ಲಾ ಮಂಜೂರಿ ಅದ

ಹುಮನಾಬಾದಿನಲ್ಲಿ ನನ್ನ ಝೆರಾಕ್ಸ್ ಅಂಗಡಿಯ ಪಕ್ಕದಲ್ಲೇ ಒಬ್ಬರು ಆನ್‌ಲೈನ್ ಡಿಗ್ರಿಗೆ ಪ್ರವೇಶ ಕೊಡಿಸುತ್ತಿದ್ದರು. ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದೆಯೇ ಎಂದು ಯಾರಾದರೂ ಕೇಳಿದರೆ ಎದೆಯ ಮೇಲೆ ಕೈಯಿಟ್ಟು, "ಫಿಕರ್ ಮಾಡಬ್ಯಾಡ್ರಿ, ಎಲ್ಲಾ ಮಂಜೂರಿ ಅದ" ಎನ್ನುತ್ತಿದ್ದರು. ಚಹಾ ಬರುವಷ್ಟರಲ್ಲಿ ಕೇಳಿದವರಿಗೆ ಪ್ರಶ್ನೆಯೇ ಮರೆತಿರುತ್ತಿತ್ತು.

ಒಂದು ದಿನ ಹುಲಸೂರಿನ ಹೆಣ್ಣುಮಗಳೊಬ್ಬಳು ಅವರೇ ಕೊಡಿಸಿದ ಡಿಗ್ರಿ ಹಿಡಿದು ಬಂದಳು.

"ಇದಕ್ಕ ಮಾನ್ಯತಾ ಇಲ್ಲಂತ್ರಿ ಸರ್. ಸಿಕ್ಕ ನೌಕ್ರಿ ಹೋಯ್ತು."

"ಮಾನ್ಯತಾ ಇಲ್ದಿದ್ರ ಏನಾತು ತಂಗಿ, ಕಲ್ತಿದ್ದು ಎಲ್ಲಿ ಹೋಗ್ತದ?"

"ಹಂಗಾದ್ರ ನಿಮ್ಮ ಆಫೀಸಿನ್ಯಾಗೇ ನೌಕ್ರಿ ಕೊಡ್ರಿ."

ಅವರು ಗಾಬರಿಯಾದರು. "ಛೇ! ನಮ್ಮ ಆಫೀಸಿಗಿ ಖರೇ ಡಿಗ್ರಿ ಇದ್ದೋರೇ ಬೇಕು, ತಂಗಿ!"

ಪ್ರವೇಶಕ್ಕೆಂದು ಬೆಂಚಿನ ಮೇಲೆ ಕೂತಿದ್ದ ಹೊಸಬರು ಒಬ್ಬೊಬ್ಬರಾಗಿ ಎದ್ದು ಚಪ್ಪಲಿ ಮೆಟ್ಟಿಕೊಂಡರು.