ಅಟ್ಟದ ಅಕ್ಕ

ತೆಂಗಿನಕಾಯಿಯನ್ನು ಅಲ್ಲಾಡಿಸಿ ನೋಡುವವರೆಲ್ಲ ಅದನ್ನು ಕಿವಿಯ ಹತ್ತಿರ ಹಿಡಿಯುತ್ತಾರೆ. ಅಕ್ಕ ಮಾತ್ರ ದವಡೆಯ ಮೂಳೆಗೆ ಒತ್ತಿ ಹಿಡಿಯುತ್ತಿದ್ದರು. ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಎರಡೂ ಕೈಯಿಂದ ಕಾಯನ್ನು ಕೆನ್ನೆಯ ಕೆಳಗೆ ಅದುಮಿಕೊಂಡು ಒಂದು ಸಲ ಜೋರಾಗಿ ಅಲ್ಲಾಡಿಸುವರು. ವರ್ಷಗಟ್ಟಲೆ ಹೀಗೆ ಮಾಡಿ ಮಾಡಿ ಅವರ ಬಲಗೆನ್ನೆಯ ಅಡಿಯಲ್ಲಿ ರೂಪಾಯಿಯಗಲ ಚರ್ಮ ಒರಟಾಗಿ ಕಪ್ಪಗಾಗಿತ್ತು. ನಮ್ಮ ಕಡೆ ಕಾಯನ್ನು ವರ್ಷದ ಹತ್ತಿರ ಹತ್ತಿರ ಅಟ್ಟದಲ್ಲಿ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಉಂಡೆಯಾಗಿ ಲೊಡಲೊಡ ಎನ್ನಬೇಕು. ಒಂದು ತಿಂಗಳು ಮೊದಲೇ ಒಡೆದರೆ ಅದು ಕಾಯಿಯೂ ಅಲ್ಲ, ಕೊಬ್ಬರಿಯೂ ಅಲ್ಲ. ಆ ಅಮ್ಮ ದವಡೆಗಿಟ್ಟು ಹೂಂ ಅಂದ ಮೇಲೆ ಒಡೆದು ನೋಡಬೇಕಾದ್ದೇ ಇಲ್ಲ ಎಂದು ಅರಸೀಕೆರೆಯ ಮಂಡಿಯವರು ಹೇಳುತ್ತಿದ್ದರು.

ಅಕ್ಕ ಎಂದರೆ ನನ್ನ ಓರಗಿತ್ತಿ, ನಮ್ಮ ಯಜಮಾನರ ಅಣ್ಣನ ಹೆಂಡತಿ. ಐವತ್ತರ ದಶಕದ ಕೊನೆಯಲ್ಲಿ ನಾನು ಆ ಮನೆಗೆ ಸೊಸೆಯಾಗಿ ಬಂದಾಗ ಅವರಿಗೆ ಮೂವತ್ತೈದು ಇದ್ದೀತು. ಮದುವೆಯಾದ ಎರಡನೆಯ ವರ್ಷಕ್ಕೇ ಗಂಡ ವಿಷಮಶೀತ ಜ್ವರದಲ್ಲಿ ಹೋಗಿಬಿಟ್ಟಿದ್ದರು. ಮಕ್ಕಳಿರಲಿಲ್ಲ. ಹಬ್ಬ ಹರಿದಿನಗಳಲ್ಲಿ ಅವರು ಕೆಲಸಕ್ಕೆ ಮೊದಲು, ಆರತಿಗೆ ಕೊನೆ. ಆದರೆ ಗಂಡಸಿ ಊರಿನ ಕಡೆಯ ತೋಟದಿಂದ ಗಾಡಿಯಲ್ಲಿ ಬಂದ ಕಾಯಿ ಅಟ್ಟ ಸೇರಿದ ಮೇಲೆ ಅಲ್ಲಿ ಅವರದೇ ಅಧಿಕಾರ. ಇಡೀ ಮನೆಯನ್ನು ಕಣ್ಣಲ್ಲೇ ಆಳುತ್ತಿದ್ದ ನಮ್ಮ ಅತ್ತೆ ಕೂಡ ಒಂದು ಕಾಯಿ ಕೆಳಗಿಳಿಸಬೇಕಾದರೆ ಅಕ್ಕನನ್ನು ಕೇಳುತ್ತಿದ್ದರು.

ನಾನು ಬೇಲೂರಿನ ಶಾಲೆಯ ಮೇಷ್ಟರ ಮಗಳು. ಓದು ಬರಹ ಚೆನ್ನಾಗಿಯೇ ಬರುತ್ತಿತ್ತು, ಅಡಿಗೆ ಸುಮಾರಾಗಿ ಬರುತ್ತಿತ್ತು, ಜೇಡ ಕಂಡರೆ ಮಾತ್ರ ಜೀವ ಹೋಗುತ್ತಿತ್ತು. ಹಾಸಿಗೆ ಕೊಡವಿ, ದಿಂಬು ತಿರುಗಿಸಿ, ಮಡಚಿಟ್ಟ ಸೀರೆಯನ್ನು ಅಂಗಳಕ್ಕೆ ಒಯ್ದು ಝಾಡಿಸಿ ಉಡುವವಳು. ಹಾಗಿದ್ದೂ ಮನೆಯವರಿಗೆ ತಿಳಿಯದಂತೆ ಇಪ್ಪತ್ತು ದಿನ ಹೇಗೋ ತಳ್ಳಿದ್ದೆ. ಒಂದು ದಿನ ಅತ್ತೆ, ಅಟ್ಟದಿಂದ ಬುಟ್ಟಿ ಇಳಿಸಿಕೊಂಡು ಬಾ ಎಂದರು. ಏಣಿಯ ಆರನೆಯ ಮೆಟ್ಟಿಲಿನಲ್ಲಿ ತಲೆಯೆತ್ತಿದರೆ ಮೂಗಿನ ಎದುರಿಗೇ, ತೊಲೆಗೆ ಅಂಟಿಕೊಂಡು, ಅಂಗೈಯಗಲದ ಒಂದು ಜೇಡ. ಹೊಟ್ಟೆಯಡಿಯಲ್ಲಿ ಅಪ್ಪಳದ ಹಾಗೆ ಬೆಳ್ಳಗಿನ ಮೊಟ್ಟೆಯ ಚೀಲ. ಎರಡೂ ಕೈ ಬಿಟ್ಟೆ.

ಬಿದ್ದ ಪೆಟ್ಟಿಗಿಂತ ಮಾತಿನ ಪೆಟ್ಟು ಜೋರಾಗಿತ್ತು. ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಅಟ್ಟ ಹತ್ತಕ್ಕೆ ಬರದ ಸೊಸೇನ ಕಟ್ಕೊಂಡು ಕೊಬ್ಬರಿ ಮನೆ ನಡಸಾದು ಹೆಂಗೆ? ಬೇಲೂರಿಗೆ ಕಾಗದ ಬರೆಸ್ತೀನಿ, ಕರ್ಕೊಂಡೋಗಿ ಕಲಿಸಿ ಕಳಸ್ಲಿ" ಎಂದರು. ಅತ್ತೆ ಆಡಿದರೆಂದರೆ ಮಾಡುವವರೇ. ನಾನು ಸೆರಗು ಬಾಯಿಗೆ ತುರುಕಿಕೊಂಡು ಅಳತೊಡಗಿದೆ. ಹಿತ್ತಿಲ ಬಾಗಿಲಲ್ಲಿ ಅತ್ತೆಯ ಮುಖ ನೋಡುತ್ತ ನಿಂತಿದ್ದ ಅಕ್ಕ ಬಂದು ನನ್ನ ಮೊಣಕೈ ಒರೆಸುತ್ತ, "ಕಾಗದ ಬ್ಯಾಡಿ ಅತ್ತೆಮ್ಮ, ನಂಗೊಂದು ತಿಂಗಳು ಬಿಡಿ. ಇವಳ್ನ ನಾನು ಹತ್ತಿಸ್ತೀನಿ" ಎಂದರು.

ಆ ತಿಂಗಳು ನಾನು ಮಧ್ಯಾಹ್ನವೆಲ್ಲ ಏಣಿಯ ಬುಡದಲ್ಲಿದ್ದೆ. ಮೊದಲ ವಾರ ಹತ್ತು ಎಂದು ಅವರು ಹೇಳಲೇ ಇಲ್ಲ. ಅವರು ಮೇಲೆ ಕೆಲಸ ಮಾಡುತ್ತ, ಯಾವ ಜೇಡ ಎಲ್ಲಿದೆ, ಏನು ಮಾಡುತ್ತಿದೆ ಎಂದು ಪಕ್ಕದ ಮನೆಯವರ ಸುದ್ದಿ ಹೇಳುವಂತೆ ಹೇಳುತ್ತಿದ್ದರು. "ನಿನ್ನ ಬೀಳಿಸ್ದೋಳು ತೊಲೆ ಸಂದಿಗೆ ಹೋಗವ್ಳೆ. ಮೊಟ್ಟೆ ಹೊತ್ಕೊಂಡವ್ಳಲ್ಲ, ತಿನ್ನಾಕಿಲ್ಲ. ಎದುರಿಗೆ ಜಿರಲೆ ಹೋದ್ರೂ ಸುಮ್ಕೆ ಅವ್ಳೆ." ಎರಡನೆಯ ವಾರ ದಿನಕ್ಕೆ ಒಂದು ಮೆಟ್ಟಿಲು. ನಡುಗಿದರೆ ಅಲ್ಲೇ ನಿಲ್ಲುವುದು, ಕೆಳಗೆ ಇಳಿಯುವ ಹಾಗಿಲ್ಲ. ಒಂದೇ ಒಂದು ಸಲವೂ ಅವರು ನಗಲಿಲ್ಲ, ಇಷ್ಟಕ್ಕೆಲ್ಲ ಹೆದರುತ್ತಾರೆಯೇ ಎನ್ನಲಿಲ್ಲ. ಹಬ್ಬಕ್ಕೆ ಮನೆಯ ಇಲ್ಲಣ ಧೂಳು ಹೊಡೆಯುವಾಗ ಬಲೆಯನ್ನು ಗುಡಿಸುವರೇ ಹೊರತು ಜೇಡವನ್ನು ಸಾಯಿಸುವುದಿಲ್ಲ. ಕರಟ ಕವುಚಿ ಹಾಕಿ, ಕೆಳಗೊಂದು ರಟ್ಟು ತೂರಿಸಿ, ಎತ್ತಿಕೊಂಡು ಹೋಗಿ ಮೂಲೆಗೆ ಬಿಡುವರು. ತಿಂಗಳು ಮುಗಿಯುವ ಹೊತ್ತಿಗೆ ನಾನು ಅಟ್ಟದ ಹಲಗೆಯ ಮೇಲೆ ಕೂತಿದ್ದೆ. ಬೆನ್ನು ಗೋಡೆಗೆ ತಗಲದಂತೆ ಕೂತಿದ್ದೆ, ಅದು ಬೇರೆ ಮಾತು.

ಅಲ್ಲಿಗೆ ಹೋದ ನಾಲ್ಕನೆಯ ದಿನವೋ ಐದನೆಯ ದಿನವೋ, ಗಾಜಿನ ಹೆಂಚಿನಿಂದ ಬಿಸಿಲು ಬೀಳುತ್ತಿತ್ತು. ಅಕ್ಕ ನನಗೆ ಬೆನ್ನು ಹಾಕಿ ಕಾಯಿ ಅಲ್ಲಾಡಿಸುತ್ತಿದ್ದರು. ಅವರ ಬೆನ್ನು ನೋಡಿದರೆ ಹೇಳಿಬಿಡಬಹುದು ಅನ್ನಿಸಿತು. ಅಲ್ಲಿಯವರೆಗೆ ಹೆತ್ತ ತಾಯಿಗೂ ಹೇಳದಿದ್ದುದನ್ನು ಹೇಳಿದೆ.

ನನಗೆ ಆರು ವರ್ಷ, ತಮ್ಮನಿಗೆ ಎಂಟು ತಿಂಗಳು. ಅಮ್ಮ ನನ್ನನ್ನು ತೊಟ್ಟಿಲು ತೂಗಲು ಕೂರಿಸಿ ನೀರಿಗೆ ಹೋಗಿದ್ದಳು. ತೊಟ್ಟಿಲ ಬಟ್ಟೆಯ ಅಂಚಿನ ಮೇಲೆ ದೊಡ್ಡ ಜೇಡವೊಂದು ಬಂದು ಕೂತಿತು. ನಾನು ಹಗ್ಗ ಬಿಟ್ಟು ಬೀದಿಗೆ ಓಡಿದೆ. ತೊಟ್ಟಿಲು ಬಿಟ್ಟು ಬಂದದ್ದಕ್ಕೆ ಬೈಯುತ್ತಾರೆಂದು ಯಾರಿಗೂ ಹೇಳಲಿಲ್ಲ. ಮಾರನೆಯ ದಿನ ಮಗುವಿನ ತುಟಿ, ಕುತ್ತಿಗೆಯ ಸುತ್ತ ಗುಳ್ಳೆ. ಅಜ್ಜಿ ನೋಡಿ, ಜೇಡ ಹರಿದಿದೆ ಎಂದು ಗರಿಕೆ ಅರಿಶಿನ ಅರೆದು ಹಚ್ಚಿದಳು. ಜ್ವರ ಇಳಿಯಲಿಲ್ಲ. ಐದನೆಯ ದಿನ ಮಗು ಹೋಯಿತು. ಯಾರಾದರೂ ನೋಡಿದ್ದಿದ್ದರೆ, ಎಂದು ಅಜ್ಜಿ ಎದೆ ಬಡಿದುಕೊಂಡಳು. ನೋಡಿದವಳು ಬಾಗಿಲ ಹಿಂದೆಯೇ ನಿಂತಿದ್ದೆ.

ಇಷ್ಟನ್ನೂ ಹೇಳಿ ಮುಗಿಸಿದೆ. ಅಕ್ಕ ಕೈಲಿದ್ದ ಕಾಯನ್ನು ಕೆಳಗಿಟ್ಟು, "ಈ ಸಾಲಿಗೆ ಇನ್ನೂ ಎರಡು ತಿಂಗಳು ಬೇಕು ಕಣೇ" ಎಂದರು.

ನಾನು ಇಳಿದು ಬಂದವಳು ಮೂರು ದಿನ ಅಟ್ಟದ ಕಡೆ ತಲೆ ಹಾಕಲಿಲ್ಲ. ಇಂಥ ಕಲ್ಲೆದೆಯ ಹೆಂಗಸಿನ ಮುಂದೆ ಹೊಟ್ಟೆಯಲ್ಲಿದ್ದದ್ದನ್ನು ತೋಡಿಕೊಂಡೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ನಾಲ್ಕನೆಯ ದಿನ ಅಕ್ಕ ಒರಳಿನ ಮುಂದೆ ಕೂತು ರುಬ್ಬುತ್ತಿದ್ದರು. ಅತ್ತೆ ಹಿಂದಿನಿಂದ ಎರಡು ಸಲ ಕರೆದರು. ಅಕ್ಕ ತಿರುಗಲಿಲ್ಲ. ಒರಳಿನ ಸದ್ದು ಎಂದು ಗೊಣಗಿಕೊಂಡು ಅತ್ತೆ ಹೋದರು. ಆದರೆ ಒರಳು ಆಗ ನಿಂತಿತ್ತು. ಅಕ್ಕ ಕೈ ತೊಳೆಯುತ್ತಿದ್ದರು. ನಾನು ಎದುರಿಗೆ ಬಂದಾಗ ತಲೆಯೆತ್ತಿ ಮೊದಲು ನೋಡಿದ್ದು ನನ್ನ ಬಾಯಿಯನ್ನು. ಯಾವಾಗಲೂ ಅವರು ನೋಡುತ್ತಿದ್ದುದು ಬಾಯಿಯನ್ನೇ ಎಂಬುದು ಆಗ ಹೊಳೆಯಿತು.

ಆಮೇಲೆ ಮಾಡಿದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಮಧ್ಯಾಹ್ನ ಅಟ್ಟ ಹತ್ತಿ, ಸದ್ದಿಲ್ಲದೆ ಅವರ ಹಿಂದೆ ಹೋಗಿ, ಚೆನ್ನಾಗಿ ಒಣಗಿದ ಕಾಯೊಂದನ್ನು ಅವರ ತಲೆಯ ಹಿಂದೆ ಲೊಡಲೊಡ ಅಲ್ಲಾಡಿಸಿದೆ. ಅವರು ತಿರುಗಲಿಲ್ಲ. ಹಲಗೆ ಅದುರಿದ್ದಕ್ಕೋ ಏನೋ ಸ್ವಲ್ಪ ಹೊತ್ತಿನ ಮೇಲೆ ತಿರುಗಿದರು. ನನ್ನ ಕೈ, ಕಾಯಿ, ಮುಖ ಮೂರನ್ನೂ ನೋಡಿದರು.

"ಅತ್ತೆಮ್ಮಂಗೆ ಹೇಳ್ತೀಯಾ?"

ಇಲ್ಲವೆಂದು ತಲೆಯಾಡಿಸಿದೆ. ಅವರು ಕಾಯಿಯ ರಾಶಿಯ ಪಕ್ಕ ಕುಸಿದು ಕೂತು, ಎಂಟು ವರ್ಷದಿಂದ ಕಿವಿ ಹೋಗುತ್ತಾ ಬಂದಿದೆ ಎಂದರು. ದವಡೆಗೆ ಒತ್ತಿದರೆ ಇಷ್ಟು ದಿನ ತಿಳಿಯುತ್ತಿತ್ತು, ಈಗ ಅದೂ ಮಂಜು ಮಂಜು. "ಕಾಯಿ ನೋಡಾಕೆ ಬರಾಕಿಲ್ಲ ಅಂತಾದ್ರೆ ಈ ಮನೇಲಿ ನಂಗೆ ನಿಲ್ಲಾಕೆ ಜಾಗ ಎಲ್ಲೈತೆ ಹೇಳು? ನೀನು ಹತ್ತಿದ್ರೆ ನಿನ್ನ ಕಿವಿ ನಂಗಾಗ್ತದೆ ಅಂತ ಆಸೆಬುರುಕಿಯಾಗಿ ನಿನ್ನ ಹತ್ತಿಸ್ದೆ. ಪುಣ್ಯಕ್ಕಲ್ಲ."

ಆಗ ನಾನು ಅವರ ಎದುರಿಗೆ, ಬಿಸಿಲು ನನ್ನ ಮುಖದ ಮೇಲೆ ಬೀಳುವಂತೆ ಕೂತೆ. ಕೆಳಗೆ ಅತ್ತೆ ಇದ್ದುದರಿಂದ ಧ್ವನಿಯೆತ್ತುವಂತಿರಲಿಲ್ಲ. ಬರಿಯ ತುಟಿಯಾಡಿಸುತ್ತ, ಬಿಡಿಸಿ ಬಿಡಿಸಿ, ತಮ್ಮನ ಕಥೆಯನ್ನು ಮತ್ತೆ ಹೇಳಿದೆ. ಅಕ್ಕ ನನ್ನ ಬಾಯಿಯಿಂದ ಕಣ್ಣು ಕೀಳಲಿಲ್ಲ.

"ನಮ್ಮೋರು ಜ್ವರ ಬಂದು ಹೋದ್ರಲ್ಲ, ಆಗ ನನ್ನ ಕಾಲ್ಗುಣ ಅಂದ್ರು" ಎಂದರು. "ನಿನ್ನ ತಮ್ಮಂದು ಈ ಹುಳದ ಮ್ಯಾಲೆ ಹಾಕಿದ್ರು. ನಾನೇನ್ ಮಾಡಿದ್ದೆ? ಮನೆ ಒಳೀಕೆ ಬಂದಿದ್ದೆ. ಅದೂ ಅಷ್ಟೇಯ, ಮನೆ ಒಳೀಕೆ ಬಂದಿತ್ತು."

ತೊಲೆಯ ಸಂದಿಯಲ್ಲಿ ಜೇಡ ತನ್ನ ಪಾಡಿಗೆ ತಾನಿತ್ತು. ನಾನು ಅದನ್ನು ನೋಡುತ್ತ ಅತ್ತುಬಿಟ್ಟೆ. ಅಕ್ಕ ಬೆನ್ನು ಸವರಿದರು. ಆದರೆ ಸುಮ್ಮನೆ ಸಮಾಧಾನ ಮಾಡಿ ಕಳಿಸುವ ಪೈಕಿಯಲ್ಲ ಅವರು. "ಆದ್ರೂ ಕೂಗಬೇಕಿತ್ತು. ಕೂಗಿದ್ರೆ ಮಗ ಉಳೀತಿತ್ತು ಅಂತಲ್ಲ. ನೀನು ಹಿಂಗೆ ಒಳಗೊಳಗೇ ಬೇಯ್ತಿರಲಿಲ್ಲ. ಇನ್ಮ್ಯಾಲೆ ಕಂಡಿದ್ದು ಕಂಡಂಗೆ ಹೇಳು" ಎಂದವರು, ಏಣಿಯ ಕಡೆ ಕಣ್ಣು ಹಾಯಿಸಿ, "ನಂದೊಂದು ಬಿಟ್ಟು" ಎಂದರು.

ಆ ಒಂದನ್ನು ಬಿಟ್ಟೆ. ಒಂಬತ್ತು ವರ್ಷ ಬಿಟ್ಟೆ. ನಾನು ಕಾಯಿ ಅಲ್ಲಾಡಿಸಿ ಒಣಗಿದ್ದಕ್ಕೆ ಒಂದು ಬೆರಳು, ಹಸಿಯದಕ್ಕೆ ಎರಡು ಬೆರಳು ತೋರಿಸುವುದು, ಅವರು ಬೇರೆ ಬೇರೆ ರಾಶಿಗೆ ಹಾಕುವುದು. ಮಂಡಿಯವರು ಬಂದರೆ ದವಡೆಗೆ ಒತ್ತಿ ಹೂಂ ಅನ್ನುವುದು ಅವರೇ. ಜೇಡ ಕೈಮೇಲೆ ಹರಿದರೂ ನಾನು ಕಾಯಿ ಕೆಳಗೆ ಹಾಕುತ್ತಿರಲಿಲ್ಲ. ಮಗಳು ಹುಟ್ಟಿದಾಗ ತೊಟ್ಟಿಲಿನ ಮೇಲೆ ಬಂದ ಜೇಡವನ್ನು ನಾನೇ ಕರಟದಲ್ಲಿ ಹಿಡಿದು ಹಿತ್ತಿಲಿಗೆ ಬಿಟ್ಟೆ. ಅಕ್ಕ ಬೀದಿಗೆ ಹೊರಟರೆ ಏನಾದರೂ ನೆಪ ಹೇಳಿ ಜೊತೆಗೆ ಹೋಗಿ ಮೊಣಕೈ ಹಿಡಿದುಕೊಳ್ಳುತ್ತಿದ್ದೆ. ಮನೆಯಲ್ಲಿ ಹೇಳಿಬಿಡೋಣ ಎಂದು ಎರಡು ಮೂರು ಸಲ ಕೇಳಿಕೊಂಡೆ. ಪ್ರತಿಸಲವೂ ಅವರು ಅಟ್ಟದ ಕಡೆ ನೋಡಿ ತಲೆಯಾಡಿಸಿಬಿಟ್ಟರು.

ಅಕ್ಕ ಮಂಡಿಗೆ ಒಬ್ಬರೇ ಹೊರಟ ಆ ದಿನ ಮಗಳಿಗೆ ಜ್ವರವಿತ್ತು, ನಾನು ಜೊತೆಗೆ ಹೋಗಲಿಲ್ಲ. ಮಂಡಿಯ ಬೀದಿಯಲ್ಲಿ ಕಾಯಿ ಇಳಿಸಿದ ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು. ಅಕ್ಕ ಅದಕ್ಕೆ ಬೆನ್ನು ಹಾಕಿ ನಡೆಯುತ್ತಿದ್ದರು. ಆಸ್ಪತ್ರೆಯಲ್ಲಿ ಎರಡು ರಾತ್ರಿ ಇದ್ದರು. ಎಚ್ಚರ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹೋದರು.

ಮಣ್ಣು ಮಾಡಿ ಬಂದ ಮಾರನೆಯ ದಿನ ಬೀದಿಯ ಹಿರಿಯರು, ಪೊಲೀಸಿನವರು ನಮ್ಮ ಜಗುಲಿಯಲ್ಲಿ ಸೇರಿದ್ದರು. ಲಾರಿಯ ಡ್ರೈವರನನ್ನೂ ಕರೆತಂದಿದ್ದರು. ನಲವತ್ತರ ಆಸುಪಾಸಿನ ಮನುಷ್ಯ. ಜನ ಹೊಡೆದು ಅವನ ಅಂಗಿ ಹರಿದಿತ್ತು, ತುಟಿ ಊದಿತ್ತು. "ಹಾರನ್ ಹೊಡೆದೆ ಸ್ವಾಮಿ, ಮೂರು ಸಲ ಹೊಡೆದೆ. ಆಯಮ್ಮ ತಿರುಗಿ ನೋಡ್ನಿಲ್ಲ" ಎಂದು ಅದನ್ನೇ ಹೇಳುತ್ತಿದ್ದ. ಹಾರನ್ ಹೊಡೆದಿದ್ದರೆ ಕಿವಿ ಇದ್ದವರು ಯಾರಾದರೂ ಪಕ್ಕಕ್ಕೆ ಸರಿಯುವುದಿಲ್ಲವೇನಯ್ಯ ಎಂದು ಹಿರಿಯರೊಬ್ಬರು ಗದರಿದರು. ಹಾರನ್ ಮಾಡದೆ ಎಂದು ಬರೆಯಲು ಪೊಲೀಸಿನವರು ಪೆನ್ನು ತೆಗೆದರು.

ನಾನು ಬಾಗಿಲ ಹಿಂದೆ ನಿಂತಿದ್ದೆ. ಗಂಡಸರು ಕೂತ ಜಗುಲಿಗೆ ಸೊಸೆಯರು ಹೋಗಿ ಮಾತಾಡುವ ಮನೆಯಲ್ಲ ನಮ್ಮದು. ಹೇಳಿದರೆ, ಗೊತ್ತಿದ್ದೂ ಮುಚ್ಚಿಟ್ಟು ಕೊಂದವಳು ನಾನೆಂದಾಗುತ್ತದೆ. ಹಾಗಂದರೆ ಅದು ಪೂರ್ತಿ ಸುಳ್ಳೂ ಅಲ್ಲ. ಹೊಸಿಲು ದಾಟಿದೆ.

"ಅಕ್ಕನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಒಂಬತ್ತು ವರ್ಷದಿಂದ ನನಗೆ ಗೊತ್ತಿತ್ತು, ಯಾರಿಗೂ ಹೇಳಲಿಲ್ಲ. ಇವರದು ತಪ್ಪಿಲ್ಲ" ಎಂದೆ.

ನಮ್ಮ ಯಜಮಾನರು ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿದರು. ಅಷ್ಟರಲ್ಲಿ ನನ್ನ ಹಿಂದಿನಿಂದ, ನಡುಮನೆಯ ಕತ್ತಲೆಯಿಂದ ಅತ್ತೆಯ ಧ್ವನಿ ಬಂತು. "ಬರ್ಕೊಳಿ. ಅವಳು ಹೇಳಾದು ನಿಜ. ನಂಗೂ ಗೊತ್ತಿತ್ತು."

ಡ್ರೈವರನನ್ನು ಬಿಟ್ಟು ಕಳಿಸಿದರು. ಅವನು ಬೀದಿಯಲ್ಲಿ ನಿಂತು ನಮ್ಮ ಮನೆಗೆ ಕೈಮುಗಿದು ಹೋದ. ಅಕ್ಕ ನನಗೆ ಏನು ಕೊಟ್ಟರು ಎಂದು ಯಾರಾದರೂ ಕೇಳಿದರೆ ಜೇಡದ ಭಯ ಬಿಡಿಸಿದರು ಎನ್ನುತ್ತೇನೆ. ಅವರೇ ಬೇಡವೆಂದಿದ್ದ ಆ ಒಂದು ಮಾತನ್ನು ಜಗುಲಿಯಲ್ಲಿ ಆಡುವ ಧೈರ್ಯವೂ ಅವರದೇ. ಮುಚ್ಚಿಟ್ಟದ್ದರ ನೋವು ಮಾತ್ರ ನನ್ನದು, ಅದನ್ನು ಯಾರ ಮೇಲೂ ಹಾಕುವುದಿಲ್ಲ.

ಎಲ್ಲರೂ ಎದ್ದು ಹೋದ ಮೇಲೆ ಅತ್ತೆ ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದರು. ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. ಅವರು ತಲೆಯೆತ್ತಲಿಲ್ಲ. "ಕಾಲ್ಗುಣ ಅಂತ ಮೊದ್ಲು ಅಂದೋಳು ನಾನೇ ಕಣೇ. ಮಗ ಹೋದ ಸಂಕಟ, ಬಾಯಿಗೆ ಬಂತು, ಅಂದೆ. ಆಮ್ಯಾಲೆ ತಪ್ಪಾಯ್ತು ಅನ್ನಾಕೆ ಬಾಯಿ ಬರ್ಲಿಲ್ಲ. ಅಟ್ಟನಾದ್ರೂ ಅವಳ್ದೇ ಆಗಿರ್ಲಿ ಅಂತ ಬಿಟ್ಟೆ."

ಅದನ್ನು ಅವರು ಹೇಳಬೇಕಾದದ್ದು ನನಗಲ್ಲ. ಗಟ್ಟಿಯಾಗಿ ಹೇಳಬೇಕಾಗಿಯೂ ಇರಲಿಲ್ಲ. ಎದುರಿಗೆ ಕೂತು, ಬೆಳಕಿನಲ್ಲಿ, ಒಂದು ಸಲ ತುಟಿಯಾಡಿಸಿದ್ದರೆ ಅಕ್ಕನಿಗೆ ಸಾಕಾಗುತ್ತಿತ್ತು.