ಫೋನಿಗೆ ಕೊಟ್ಟ ಉಪ್ಪಿನ ಕಾವು

ಹುಮನಾಬಾದಿನ ಹಾಸ್ಟೆಲ್ಲಿನಿಂದ ಶನಿವಾರ ಬಂದ ಮೊಮ್ಮಗಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು, "ಆಯಿ, ಅಪ್ಪ ಮನ್ಯಾಗ ಹಾನೇನು?"

ಅವಳಪ್ಪ ಎಂದರೆ ನನ್ನ ಮಗ. ತೊಗರಿ ನೋಡಲು ಮಂಠಾಳಕ್ಕೆ ಹೋಗಿದ್ದ. ಸೊಸೆ ತವರಿಗೆ ಹೋಗಿದ್ದಳು. ಬಸವಕಲ್ಯಾಣದ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಇಲ್ಲ ಎಂದ ಮೇಲೆ ಅವಳು ಚೀಲದಿಂದ ಫೋನು ತೆಗೆದಳು. ಮೆಟ್ಟಿಲ ಮೇಲೆ ಬಿದ್ದಿತ್ತಂತೆ. ಗಾಜು ಬೇಸಿಗೆಯ ಎರೆಹೊಲದ ಹಾಗೆ ಬಿರಿದಿತ್ತು.

"ಅಂಗಡಿಗೆ ಕೊಡಬೇಕಿಲ್ಲೋ?"

"ಅಲ್ಲಿ ಲಾಕ್ ಕೇಳತಾರ. ಹೇಳಿದ್ರ ಒಳಗಿನ ಫೋಟೋ ಎಲ್ಲಾ ಕಾಣ್ತಾವ."

"ಅಂಥಾ ಏನು ಫೋಟೋ ಅವ?"

"ಏನಿಲ್ಲ. ರೂಮಿನ್ಯಾಗ ಹುಡುಗ್ಯಾರು ನೈಟಿ ಮ್ಯಾಲ ಕುಣದದ್ದು. ತಲಿ ಬಿಚ್ಕೊಂಡು."

ನನಗೆ ಅರ್ಥವಾಯಿತು. ಘಾಟಬೋರಾಳ ಕಡೆಯ ಒಬ್ಬ ಹುಡುಗಿ ಎಲ್ಲೋ ಫೋನು ರಿಪೇರಿಗೆ ಕೊಟ್ಟಿದ್ದಳು. ಅವಳ ಫೋಟೋ ಒಂದು ಫೋನಿನಿಂದ ಇನ್ನೊಂದಕ್ಕೆ ಹೋಗುತ್ತ ಊರೆಲ್ಲ ತಿರುಗಿತು. ಅವಳ ಓದು ಅಲ್ಲಿಗೆ ಮುಗಿಯಿತು. ಅದನ್ನು ಕೇಳಿದ ದಿನ ನನ್ನ ಮಗ ಊಟದ ಮುಂದೆ ಕೂತು ಹೇಳಿದ್ದ, "ಇಂಥಾ ಫೋನಿನ ಸುದ್ದಿ ಒಂದಾದ್ರೂ ನಮ್ಮ ಮನಿ ತನಕ ಬಂತೋ, ಕಾಲೇಜು ಬಂದ್." ಅವನು ಅಂದದ್ದನ್ನು ಮಾಡುವವನು. ಹೆತ್ತವಳು ನಾನು, ನನಗೆ ಗೊತ್ತು.

ಹೊಸ ಗಾಜನ್ನು ಅವಳು ಹುಮನಾಬಾದಿನಲ್ಲೇ ಕೊಂಡು ತಂದಿದ್ದಳು. ಜೊತೆಗೆ ಬೆರಳುದ್ದದ ಸ್ಕ್ರೂಡ್ರೈವರು, ಸಂದಿಗೆ ತೂರಿಸಲು ಪ್ಲಾಸ್ಟಿಕ್ ಚೂರು. ಗೆಳತಿಯ ಫೋನಿನಲ್ಲಿ ವಿಡಿಯೋ ನೋಡಿ ಕಲಿತಿದ್ದಳು. ಬಾಗಿಲ ಚಿಲಕ ಹಾಕಿದೆವು. ಚೂರು ಉದುರದಂತೆ ಅವಳು ಒಡೆದ ಗಾಜಿಗೆ ಟೇಪು ಅಂಟಿಸಿದಳು. ಕೆಳಗೆ ಗೋಂದು ಇರುತ್ತದೆ, ಕಾವು ಕೊಟ್ಟರೆ ಬಿಡುತ್ತದೆ ಎಂದಳು. ವಿಡಿಯೋದಲ್ಲಿ ಕೂದಲು ಒಣಗಿಸುವ ಯಂತ್ರ ಇತ್ತಂತೆ. ನಮ್ಮ ಮನೆಯಲ್ಲಿ ಕೂದಲು ಬಿಸಿಲಿಗೆ ಒಣಗುತ್ತದೆ.

ಕಾವು ಕೊಡುವುದು ನನ್ನ ಕೆಲಸ. ಈ ಓಣಿಯ ಎಷ್ಟೋ ಬಾಣಂತಿಯರ ಸೊಂಟಕ್ಕೆ ಕೊಟ್ಟಿದ್ದೇನೆ. ಹಂಚಿನ ಮೇಲೆ ಕಲ್ಲುಪ್ಪು ಹುರಿದೆ. ಹಳೆಯ ಧೋತರದ ಚೂರಿನಲ್ಲಿ ಗಂಟು ಕಟ್ಟಿ ಅಂಗೈಗೆ ಒತ್ತಿ ನೋಡಿದೆ. ಹದವಾಗಿದೆ ಅನಿಸಿತು. ಗಾಜಿನ ಮೇಲಿಟ್ಟು ಒತ್ತಿ ಹಿಡಿದೆ.

ಸ್ವಲ್ಪ ಹೊತ್ತಿಗೆ ಅವಳು ಫೋನಿನ ಅಂಚು ಮುಟ್ಟಿ ಕೈ ಹಿಂದೆ ತೆಗೆದುಕೊಂಡಳು. "ಆಯಿ, ಸುಡಾಕತ್ತದ. ತಗಿ ಅದನ್ನ."

ನನಗೆ ಸುಟ್ಟಿರಲಿಲ್ಲ. ಚಿಕ್ಕಂದಿನಿಂದ ಜೋಳದ ರೊಟ್ಟಿ ಬಡಿದ ಅಂಗೈ, ಬಿಸಿ ತಡವಾಗಿ ಗೊತ್ತಾಗುತ್ತದೆ. ಬಾಣಂತಿಯಾದರೆ ಚೀರುತ್ತಿದ್ದಳು. ಫೋನು ಚೀರಲಿಲ್ಲ.

ಗಂಟು ತೆಗೆದೆ. ಗಾಜಿನ ಒಂದು ಮೂಲೆ ತಾನೇ ಎದ್ದಿತು. ಗೋಂದು ಬಿಟ್ಟಿತು ಎಂದುಕೊಂಡೆ. ಆದರೆ ಬೆನ್ನಿನ ಕಡೆಯೂ ಹೊಟ್ಟೆಯುಬ್ಬರದ ಎಮ್ಮೆಯ ಹಾಗೆ ಏಳತೊಡಗಿತು. ಏನೋ ಸಿಹಿ ಸಿಹಿ ಕೆಟ್ಟ ವಾಸನೆ.

"ಬ್ಯಾಟ್ರಿ ಉಬ್ಬಾಕತ್ತದ," ಎಂದಳು. "ಸಿಡೀತದ ಆಯಿ."

ನೀರು ಸುರಿಯಲು ಹೋದೆ. ನೀರು ಬೇಡವೆಂದು ನನ್ನ ಸೆರಗು ಹಿಡಿದು ಜಗ್ಗಿದಳು. ಅವಳ ಮುಖ ಅದರ ಸನಿಹದಲ್ಲೇ ಇತ್ತು. ಕಣ್ಣು ಹೋದರೆ ಯಾರಿಗೆ ಏನು ಹೇಳಲಿ? ಅವಳನ್ನು ಆಚೆ ನೂಕಿದೆ. ಇಕ್ಕಳದಿಂದ ಫೋನು ಹಿಡಿದು, ತೋಳು ಉದ್ದ ಚಾಚಿ, ಚಿಲಕ ತೆಗೆದು ಹೊರಗೆ ನಡೆದೆ. ಕಟ್ಟಡಕ್ಕೆಂದು ತರಿಸಿದ್ದ ಉಸುಕಿನ ರಾಶಿಯಲ್ಲಿ ಅದನ್ನು ಹೂಳಿದೆ. ಗೋಡೆಯ ಹಿಂದೆ ಇಬ್ಬರೂ ಕೂತು ಕಾಯ್ದೆವು. ಸಿಡಿಯಲಿಲ್ಲ. ಉಸುಕು ಕೆದರಿ ನೋಡುವಾಗ ಮಗನ ಬೈಕು ಬಂದು ನಿಂತಿತು.

"ಉಸುಕಿನ್ಯಾಗ ಏನು ಹುಡುಕಾಕತ್ತಿ ಅವ್ವಾ?"

"ಇಕಿ ಫೋನ. ಗಾಜು ಒಡದಿತ್ತು. ನಾ ಉಪ್ಪಿನ ಕಾವು ಕೊಟ್ಟೆ, ಪೂರಾ ಕೆಟ್ಟಿತು."

ಅವನು ನನ್ನನ್ನು ನೋಡಿದ, ಇಕ್ಕಳ ನೋಡಿದ. "ಯಾಕ, ಅದಕ್ಕೂ ಸೊಂಟ ಹಿಡದಿತ್ತೇನು?" ಎಂದು ನಕ್ಕ. ಬೈಯಲಿಲ್ಲ. "ಇರಲಿ, ನಾಳಿ ನಾನೇ ಅಂಗಡ್ಯಾಗ ಹಾಕಿಸ್ತೀನಿ. ಲಾಕ್ ಏನದ ಹೇಳು, ಮಗಳ."

ಈ ಮಾತಿನ ಮುಂದೆ ಬ್ಯಾಟರಿಗೆ ಹೆದರಿದ್ದು ಏನೂ ಅಲ್ಲ. ಹುಡುಗಿ ನೆಲ ನೋಡುತ್ತ ಲಾಕ್ ಹೇಳಿದಳು. ಹೇಳದಿದ್ದರೆ ಯಾಕೆ ಎಂದು ಕೇಳುತ್ತಿದ್ದ.

"ಕೆಡಿಸಿದಾಕಿ ನಾನು, ನಾನೂ ಬರ್ತೀನಿ," ಎಂದೆ.

ಮರುದಿನ ಅಂಗಡಿಯವನ ಎದುರಿಗೇ ಸ್ಟೂಲು ಹಾಕಿಸಿಕೊಂಡು ಕೂತೆ. ಅವನ ಕೈ ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ. ಬ್ಯಾಟರಿ ಬದಲಿಸಿದ, ನಾವು ತಂದ ಗಾಜನ್ನೇ ಕೂರಿಸಿದ. ಬೆಳಕು ಬಂತು.

"ಲಾಕ್ ಹೇಳ್ರಿ, ಚೆಕ್ ಮಾಡತೀನಿ."

ಮಗ ಬಾಯಿ ತೆರೆದ. ನಾನು ಕೈ ಚಾಚಿದೆ. "ಹತ್ತಿತಲ್ಲ, ಸಾಕು. ತಾ ಇಲ್ಲಿ."

"ನಾವೇನು ತಿನ್ನೂದಿಲ್ರಿ ಅಮ್ಮಾ."

"ತಿಂದ್ರ ಚಿಂತಿ ಇಲ್ಲಪಾ. ನೋಡ್ತೀರಿ."

ಅವನು ಮುಖ ಗಂಟಿಕ್ಕಿಕೊಂಡು ಕೊಟ್ಟ. ಹೊರಗೆ ಬಂದ ಮೇಲೆ ಮಗ ಬೈಕು ಚಾಲೂ ಮಾಡದೆ ಕೇಳಿದ, "ಏನದ ಅವ್ವಾ ಅದರಾಗ?"

ಸುಳ್ಳು ಹೇಳಿದರೆ ತೆರೆದು ನೋಡುತ್ತಾನೆ. ನಿಜ ಹೇಳಿದರೂ ನೋಡಬಹುದು. "ಹುಡುಗ್ಯಾರು ರೂಮಿನ್ಯಾಗ ಕುಣದಾರ, ನಕ್ಕಾರ. ಅಷ್ಟೇ. ಅದು ಗಂಡಸರು ನೋಡೂದಲ್ಲ," ಎಂದೆ.

ಅವನು ಬೈಕು ಚಾಲೂ ಮಾಡಿದ. ಮನೆ ಮುಂದೆ ಇಳಿದು ಕೈ ಚಾಚಿದ. ಫೋನು ಕೊಡದೆ ಗತಿಯಿರಲಿಲ್ಲ. ಕೊಟ್ಟೆ. ಹುಡುಗಿ ಹೊಸ್ತಿಲಲ್ಲಿ ನಿಂತಿದ್ದಳು, ಕಾಲೇಜು ಹೋಯಿತು ಎಂದೇ ನಿಂತಿದ್ದಳು. ಅವನು ಫೋನನ್ನು ತಿರುಗಿಸಿ ನೋಡಿ, ಗಾಜಿನ ಮೇಲಿನ ಬೆರಳ ಗುರುತು ಅಂಗಿಗೆ ಒರೆಸಿ, ಅವಳ ಕೈಗೆ ಕೊಟ್ಟ.

"ಲಾಕ್ ಬದಲಿ ಮಾಡು," ಎಂದ. "ಈಗ ಅದು ನನಗ ಗೊತ್ತಾಗ್ಯದ."

ಅವಳು ಅಲ್ಲೇ ನಿಂತು ಬದಲಿಸಿದಳು. ಸೋಮವಾರ ಬೆಳಗಿನ ಬಸ್ಸಿಗೆ ಹುಮನಾಬಾದಿಗೆ ಹೋದಳು. ಬಸ್ಸು ಹೋದ ಮೇಲೂ ನಾನು ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತೇ ಇದ್ದೆ.